ಇತರರ ಸಂಬಳಕ್ಕೆ ನಮ್ಮ ಅಳತೆಗೋಲು

ಒಬ್ಬ ಮನುಷ್ಯನ ದುಡಿಮೆಗೆ ಎಷ್ಟು ಕೊಟ್ಟರೆ ನ್ಯಾಯವಾದೀತು? ಈ ಪ್ರಶ್ನೆಯನ್ನು ನಮ್ಮ ಬಗ್ಗೆ ಕೇಳಿಕೊಂಡಾಗ ಬರುವ ಉತ್ತರ ಒಂದು, ಬೇರೆಯವರ ಬಗ್ಗೆ ಕೇಳಿದಾಗ ಬರುವ ಉತ್ತರ ಇನ್ನೊಂದು. ನಮ್ಮ ಸಂಬಳದ ಲೆಕ್ಕ ಹಾಕುವಾಗ ಮನೆ ಬಾಡಿಗೆ, ಮಕ್ಕಳ ಫೀಸು, ಅಕ್ಕಿಯ ಬೆಲೆ, ತಾಯಿಯ ಔಷಧಿ ಎಲ್ಲವೂ ಸಾಲಾಗಿ ನೆನಪಿಗೆ ಬರುತ್ತವೆ. ಇನ್ನೊಬ್ಬರ ಸಂಬಳದ ಮಾತು ಬಂದಾಗ ಮಾತ್ರ ನಮ್ಮ ನಾಲಿಗೆಯ ಮೇಲೆ ಒಂದೇ ಪ್ರಶ್ನೆ: ‘ಅವರಿಗೆ ಅಷ್ಟೊಂದು ಯಾಕೆ?’

ಈ ಪ್ರಶ್ನೆ ಮಾರುಕಟ್ಟೆಯ ಹರಟೆಯಾಗಿ ಮುಗಿದುಹೋದರೆ ಅದರಿಂದ ದೊಡ್ಡ ಹಾನಿಯಿಲ್ಲ. ಆದರೆ ಅಧಿಕಾರ ಕೈಯಲ್ಲಿದ್ದವರು ಇದನ್ನು ಕೇಳಿದಾಗ ಅದು ಕಾನೂನಾಗುತ್ತದೆ. ಅಮೆರಿಕದ ಒಂದು ರಾಜ್ಯದಲ್ಲಿ ಹಾಗೆಯೇ ಆಯಿತು. ಸರ್ಕಾರಿ ಶಾಲೆಗಳ ಆಡಳಿತಾಧಿಕಾರಿಗಳ ವೇತನಕ್ಕೆ ಅಲ್ಲಿ ಮಿತಿ ಹಾಕಲಾಯಿತು. ಎಂಟು ವರ್ಷಗಳ ಬಳಿಕ ಅದನ್ನು ಕಿತ್ತು ಹಾಕಲಾಯಿತು. ಆ ಘಟನೆಯನ್ನು ಇಸ್ಲಾಮಿನ ಬೆಳಕಿನಲ್ಲಿ ನೋಡಿದರೆ ನಮಗೆ ಕಲಿಯಲು ಬಹಳಷ್ಟಿದೆ. ಅದರಲ್ಲಿ ಕೆಲವು ಪಾಠಗಳು ನಮಗೆ ಹಿತವಾಗದೆಯೂ ಇರಬಹುದು.

ನ್ಯೂಜೆರ್ಸಿಯಲ್ಲಿ ನಡೆದದ್ದು

ನ್ಯೂಯಾರ್ಕ್ ನಗರದ ಮಗ್ಗುಲಲ್ಲಿರುವ ನ್ಯೂಜೆರ್ಸಿ ಒಂದು ಚಿಕ್ಕ ರಾಜ್ಯ. ಭಾರತದಿಂದ ಹೋದ ಸಾವಿರಾರು ಕುಟುಂಬಗಳು ಅಲ್ಲಿನ ಎಡಿಸನ್ ಮುಂತಾದ ಊರುಗಳಲ್ಲಿ ನೆಲೆಸಿವೆ. ಅಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವ ಕ್ರಮ ನಮ್ಮದಕ್ಕಿಂತ ಬೇರೆ. ನಮ್ಮಲ್ಲಿ ಶಿಕ್ಷಣಾಧಿಕಾರಿಗಳನ್ನು ನೇಮಿಸುವುದು ರಾಜ್ಯ ಸರ್ಕಾರ. ವೇತನ ಶ್ರೇಣಿಯನ್ನು ನಿಗದಿಪಡಿಸುವುದೂ ಅದೇ. ನ್ಯೂಜೆರ್ಸಿಯಲ್ಲಿ ಸುಮಾರು 600 ಶಾಲಾ ಜಿಲ್ಲೆಗಳಿವೆ. ಜಿಲ್ಲೆ ಎಂದ ಕೂಡಲೇ ನಮ್ಮ ಜಿಲ್ಲೆಯನ್ನು ಕಲ್ಪಿಸಿಕೊಳ್ಳಬೇಡಿ. ಅಲ್ಲಿ ಹೆಚ್ಚಾಗಿ ಒಂದು ಊರಿಗೆ ಒಂದು ಶಾಲಾ ಜಿಲ್ಲೆ. ಕೆಲವದರಲ್ಲಿ ಇರುವುದು ಒಂದೇ ಒಂದು ಶಾಲೆ. ಪ್ರತಿ ಜಿಲ್ಲೆಗೂ ಒಂದು ಶಿಕ್ಷಣ ಮಂಡಳಿ ಇರುತ್ತದೆ. ಆ ಮಂಡಳಿ ಒಪ್ಪಂದದ ಮೇಲೆ ಒಬ್ಬ ಮುಖ್ಯ ಆಡಳಿತಾಧಿಕಾರಿಯನ್ನು ನೇಮಿಸಿಕೊಳ್ಳುತ್ತದೆ. ಅವರನ್ನು ಸೂಪರಿಂಟೆಂಡೆಂಟ್ ಎನ್ನುತ್ತಾರೆ. ಇದಕ್ಕೆಲ್ಲ ಬೇಕಾಗುವ ಹಣದ ದೊಡ್ಡ ಪಾಲು ಜನರ ಮನೆ ಮತ್ತು ಜಮೀನಿನ ಮೇಲಿನ ತೆರಿಗೆಯಿಂದ ಬರುತ್ತದೆ. ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಆಸ್ತಿ ತೆರಿಗೆ ಕೊಡುವವರೆಂದರೆ ನ್ಯೂಜೆರ್ಸಿಯ ಜನರೇ. ಆದ್ದರಿಂದ ಆ ಅಧಿಕಾರಿಗೆ ಎಷ್ಟು ಸಂಬಳ ಎಂಬುದು ಅಲ್ಲಿ ಪ್ರತಿ ಮನೆಯ ಚರ್ಚೆ.

2008ರಲ್ಲಿ ಕೀನ್ಸ್‌ಬರ್ಗ್ ಎಂಬ ಕಡಲ ತೀರದ ಬಡ ಊರಿನ ಸೂಪರಿಂಟೆಂಡೆಂಟ್ ನಿವೃತ್ತರಾದರು. ಅವರ ಒಪ್ಪಂದದ ಪ್ರಕಾರ ನಿವೃತ್ತಿಯ ಸಮಯದಲ್ಲಿ ಸುಮಾರು 7 ಲಕ್ಷ 40 ಸಾವಿರ ಡಾಲರ್ ಪಾವತಿಸಬೇಕೆಂಬ ಸಂಗತಿ ಆಗ ಬೆಳಕಿಗೆ ಬಂತು. ಮಂಡಳಿ ಒಪ್ಪಿ ಸಹಿ ಹಾಕಿದ್ದ ಕರಾರು ಅದು. ಜನರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಜನ ರೊಚ್ಚಿಗೆದ್ದರು, ರಾಜ್ಯ ಸರ್ಕಾರ ಅದನ್ನು ತಡೆಯಲು ಮುಂದಾಯಿತು.

2010ರಲ್ಲಿ ಕ್ರಿಸ್ ಕ್ರಿಸ್ಟಿ ಅಲ್ಲಿನ ಗವರ್ನರ್ ಆದರು. ಬೊಕ್ಕಸ ಬರಿದಾಗಿತ್ತು. ಶಾಲೆಗಳಿಗೆ ರಾಜ್ಯ ಕೊಡುತ್ತಿದ್ದ ನೆರವಿನಲ್ಲಿ ಸುಮಾರು 82 ಕೋಟಿ ಡಾಲರನ್ನು ಅವರು ಕಡಿತ ಮಾಡಿದರು. ಆಸ್ತಿ ತೆರಿಗೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಬಾರದೆಂಬ ಕಾನೂನೂ ಅದೇ ವರ್ಷ ಬಂತು. ಅದರ ಬೆನ್ನಿಗೇ ಸೂಪರಿಂಟೆಂಡೆಂಟರ ವೇತನಕ್ಕೆ ಮಿತಿ ಬಂತು. 2011ರ ಫೆಬ್ರವರಿಯಿಂದ ಜಾರಿಗೆ ಬಂದ ಆ ನಿಯಮದ ಪ್ರಕಾರ, 250 ಮಕ್ಕಳವರೆಗಿನ ಜಿಲ್ಲೆಯ ಅಧಿಕಾರಿಗೆ ವರ್ಷಕ್ಕೆ ಹೆಚ್ಚೆಂದರೆ 1,25,000 ಡಾಲರ್. ಮಕ್ಕಳ ಸಂಖ್ಯೆ ಹೆಚ್ಚಿದಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿ, 10,000 ಮಕ್ಕಳವರೆಗಿನ ಜಿಲ್ಲೆಗೆ 1,75,000 ಡಾಲರ್. ಆಗಿನ ದರದಲ್ಲಿ ಇದು ನಮ್ಮ ಸುಮಾರು 80 ಲಕ್ಷ ರೂಪಾಯಿ. ಅದಕ್ಕಿಂತ ದೊಡ್ಡ ಜಿಲ್ಲೆಗಳಿಗೆ ಶಿಕ್ಷಣ ಕಮಿಷನರರ ವಿಶೇಷ ಅನುಮತಿ ಬೇಕು. 1,75,000ವೇ ಏಕೆ? ಏಕೆಂದರೆ ಆಗ ಗವರ್ನರರ ಸಂಬಳ ಅಷ್ಟಿತ್ತು. ರಾಜ್ಯವನ್ನಾಳುವವನಿಗೆ ಸಿಗುವುದಕ್ಕಿಂತ ಹೆಚ್ಚು ಒಂದು ಊರಿನ ಶಾಲೆ ನೋಡಿಕೊಳ್ಳುವವನಿಗೆ ಏಕೆ ಎಂಬುದು ವಾದ. ಅದೇ 2011ರಲ್ಲಿ ನೆರೆಯ ನ್ಯೂಯಾರ್ಕಿನ ಗವರ್ನರ್ ಆಂಡ್ರ್ಯೂ ಕುವೊಮೊ ಇಂಥದೇ ಮಸೂದೆಯನ್ನು ಮುಂದಿಟ್ಟರು, ಅದು ಕಾನೂನಾಗಲಿಲ್ಲ.

ಕೇಳಿದರೆ ಸರಿಯೆನಿಸುತ್ತದೆ, ಅಲ್ಲವೇ? ಪರಿಣಾಮವನ್ನೂ ಕೇಳಿ. ಒಪ್ಪಂದ ಮುಗಿದಾಗ ಸಂಬಳ ಇಳಿಯುತ್ತದೆಂದು ತಿಳಿದ ಅನುಭವಿಗಳಲ್ಲಿ ಹಲವರು ನಿವೃತ್ತಿ ಪಡೆದರು. ಇನ್ನು ಕೆಲವರು ಗಡಿ ದಾಟಿ ನ್ಯೂಯಾರ್ಕ್, ಪೆನ್ಸಿಲ್ವೇನಿಯಾಗಳಿಗೆ ಹೋದರು. ಮಿತಿ ಇದ್ದದ್ದು ಸೂಪರಿಂಟೆಂಡೆಂಟರಿಗೆ ಮಾತ್ರ. ಹಾಗಾಗಿ ಕೆಲವೆಡೆ ಅವರ ಕೈಕೆಳಗಿನ ಪ್ರಿನ್ಸಿಪಾಲರ ಸಂಬಳವೇ ಅವರದಕ್ಕಿಂತ ಹೆಚ್ಚಾಯಿತು. 2017ರಲ್ಲಿ ನಿಯಮವನ್ನು ಸಡಿಲಿಸಲಾಯಿತು. 2019ರ ಜುಲೈಯಲ್ಲಿ ಹೊಸ ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿದ ಕಾನೂನು ಆ ಮಿತಿಯನ್ನು ಪೂರ್ತಿ ತೆಗೆದುಹಾಕಿತು.

ಇನ್ನೊಂದು ಲೆಕ್ಕವೂ ಇದೆ. ಈ ಮಿತಿಯಿಂದ ಉಳಿಯುವ ಹಣ ವರ್ಷಕ್ಕೆ ಒಂದು ಕೋಟಿ ಡಾಲರಿಗೆ ತುಸು ಕಡಿಮೆ ಎಂದು ಸರ್ಕಾರವೇ ಅಂದಾಜಿಸಿತ್ತು. ಶಾಲೆಗಳಿಂದ ಕಡಿತ ಮಾಡಿದ್ದು 82 ಕೋಟಿ. ಎಂಬತ್ತೆರಡನ್ನು ಕಳೆದುಕೊಂಡ ಜನರಿಗೆ ಒಂದನ್ನು ತೋರಿಸಿ ಸಮಾಧಾನಪಡಿಸಿದಂತಾಯಿತು. ಹಸಿದವನಿಗೆ ಅನ್ನ ಸಿಗಲಿಲ್ಲ. ಪಕ್ಕದ ಮನೆಯವನ ತಟ್ಟೆಯಲ್ಲಿ ಒಂದು ತುತ್ತು ಕಡಿಮೆಯಾಯಿತೆಂಬ ತೃಪ್ತಿಯಷ್ಟೇ ಸಿಕ್ಕಿತು.

ಸಾರ್ವಜನಿಕ ಹಣ ಅಮಾನತ್

ಹಾಗಾದರೆ ಮಿತಿ ಹಾಕಿದ್ದೇ ತಪ್ಪೆ? ಅಧಿಕಾರಿಗಳು ಕೇಳಿದಷ್ಟು ಕೊಡಬೇಕೆ? ಅವಸರದ ತೀರ್ಮಾನ ಬೇಡ. ಜನರ ದೂರಿನಲ್ಲಿಯೂ ಸತ್ಯವಿತ್ತು. ಒಬ್ಬ ವಿಧವೆ ತನ್ನ ಮನೆಯ ಮೇಲೆ ಕಟ್ಟುವ ತೆರಿಗೆಯಿಂದ ಬರುವ ಹಣ ಅದು. ಅದನ್ನು ಪಡೆಯುವವನು ತನ್ನ ಹಕ್ಕನ್ನು ಮಾತ್ರ ಪಡೆಯಬೇಕು.

ಇಸ್ಲಾಮಿನಲ್ಲಿ ಸಾರ್ವಜನಿಕ ಹಣ ಅಮಾನತ್. ಹಝ್ರತ್ ಉಮರ್(ರ) ಬೈತುಲ್‌ಮಾಲಿನ ಮುಂದೆ ತಮ್ಮ ಸ್ಥಾನವನ್ನು ಅನಾಥನ ಪೋಷಕನಿಗೆ ಹೋಲಿಸಿಕೊಂಡಿದ್ದರು. ಸೂರಃ ಅನ್ನಿಸಾದ 6ನೇ ಸೂಕ್ತದಲ್ಲಿ ಅನಾಥರ ಸೊತ್ತನ್ನು ನೋಡಿಕೊಳ್ಳುವವರಿಗೆ ಅಲ್ಲಾಹನು ಕೊಟ್ಟ ಆದೇಶ ನಿಮಗೆ ತಿಳಿದಿರಬಹುದು. ಅನುಕೂಲವಿದ್ದವನು ಅದರಿಂದ ದೂರವಿರಬೇಕು; ಬಡವನಾದವನು ನ್ಯಾಯೋಚಿತವಾದಷ್ಟನ್ನು ಮಾತ್ರ ಪಡೆಯಬೇಕು. ಉಮರ್(ರ) ಈ ನಿಯಮವನ್ನು ತಮಗೆ ಅನ್ವಯಿಸಿಕೊಂಡರು. ಇರಾಕಿನಿಂದ ಈಜಿಪ್ಟಿನವರೆಗೆ ಆಳಿದವರು ತೇಪೆ ಹಾಕಿದ ಉಡುಪು ಧರಿಸಿದ್ದರು.

ಪ್ರವಾದಿವರ್ಯರು(ಸ) ಝಕಾತ್ ಸಂಗ್ರಹಕ್ಕೆ ಕಳುಹಿಸಿದ ವ್ಯಕ್ತಿಯೊಬ್ಬ ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಉಡುಗೊರೆಯಾಗಿ ಸಿಕ್ಕಿದ್ದು ಎಂದು ಹಂಚಿಟ್ಟ ಪ್ರಸಂಗ ಬುಖಾರಿಯಲ್ಲಿದೆ. ಪ್ರವಾದಿವರ್ಯರು(ಸ) ಮಿಂಬರ್ ಏರಿ ಜನರ ಮುಂದೆಯೇ ಪ್ರಶ್ನಿಸಿದರು. ಆ ವ್ಯಕ್ತಿ ತನ್ನ ತಂದೆ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂಬುದು ಆ ಪ್ರಶ್ನೆಯ ಸಾರ. ನಿಗದಿಯಾದ ಸಂಬಳದ ಮೇಲೆ ಹುದ್ದೆಯ ಹೆಸರಿನಲ್ಲಿ ತೆಗೆದುಕೊಂಡದ್ದೆಲ್ಲ ವಂಚನೆಯೆಂದೇ ಪ್ರವಾದಿವರ್ಯರು(ಸ) ಎಚ್ಚರಿಸಿದ ಹದೀಸ್ ಅಬೂದಾವೂದ್‌ನಲ್ಲಿದೆ.

ಕೀನ್ಸ್‌ಬರ್ಗಿನ ಪ್ರಕರಣವನ್ನು ಈ ದೃಷ್ಟಿಯಿಂದ ನೋಡಿ. ಅಲ್ಲಿ ಜನರನ್ನು ಕೆರಳಿಸಿದ್ದು ತಿಂಗಳ ಸಂಬಳಕ್ಕಿಂತ ಹೆಚ್ಚಾಗಿ ಯಾರಿಗೂ ಕಾಣದಂತೆ ಕರಾರಿನ ಪುಟಗಳಲ್ಲಿ ಅಡಗಿದ್ದ ಮೊತ್ತ. ರೋಗ ಇದ್ದದ್ದು ಮುಚ್ಚುಮರೆಯಲ್ಲಿ. ಆದರೆ ಔಷಧಿ ಹಾಕಿದ್ದು ಸಂಬಳಕ್ಕೆ. ಕರಾರಿನಲ್ಲಿ ಯಾವ ಮೋಸವೂ ಇಲ್ಲದ, ಪ್ರಾಮಾಣಿಕವಾಗಿ ದುಡಿಯುತ್ತಿದ್ದ ಅಧಿಕಾರಿಯೂ ಅದೇ ಕತ್ತರಿಗೆ ಸಿಕ್ಕಿದ.

ದುಡಿಯುವವನಿಗೆ ಸಾಕಾಗುವಷ್ಟು ಬೇಕು

ಅಮಾನತಿನ ಮಾತನ್ನು ಮಾತ್ರ ಹಿಡಿದುಕೊಂಡರೆ ನಾವು ಅರ್ಧ ದೀನನ್ನು ಹಿಡಿದಂತೆ. ಇನ್ನರ್ಧವೂ ಇದೆ.

ಹಝ್ರತ್ ಅಬೂಬಕರ್(ರ) ಖಲೀಫರಾದ ಮರುದಿನ ಎಂದಿನಂತೆ ಬಟ್ಟೆಯ ಹೊರೆಯನ್ನು ಹೆಗಲಿಗೇರಿಸಿ ಮಾರುಕಟ್ಟೆಗೆ ಹೊರಟಿದ್ದರು. ದಾರಿಯಲ್ಲಿ ಉಮರ್(ರ) ಮತ್ತು ಅಬೂ ಉಬೈದಾ(ರ) ಎದುರಾದರು. ಮುಸ್ಲಿಮರ ಹೊಣೆ ಹೊತ್ತವರು ವ್ಯಾಪಾರಕ್ಕೆ ಹೋದರೆ ಆಡಳಿತ ನಡೆಯುವುದು ಹೇಗೆ? ಹೋಗದಿದ್ದರೆ ಅವರ ಮನೆಯವರ ಹೊಟ್ಟೆ ತುಂಬುವುದು ಹೇಗೆ? ಆದ್ದರಿಂದ ಅವರಿಗೆ ಬೈತುಲ್‌ಮಾಲಿನಿಂದ ಭತ್ಯೆ ನಿಗದಿ ಮಾಡಲಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಂಬಳ ನಿಗದಿಯಾದದ್ದು ಅವರು ಕೇಳಿದ್ದರಿಂದಲ್ಲ, ಅವರ ಅಗತ್ಯವನ್ನು ಇತರರು ಅರಿತದ್ದರಿಂದ. ಮರಣ ಶಯ್ಯೆಯಲ್ಲಿ ಅವರು ತಮ್ಮ ಬಳಿಯಿದ್ದ ಸಾರ್ವಜನಿಕ ವಸ್ತುಗಳನ್ನು ಹಿಂದಿರುಗಿಸುವಂತೆ ಹೇಳಿದರು. ಕೊಡುವವರು ಉದಾರವಾಗಿ ಯೋಚಿಸಿದರು, ಪಡೆಯುವವರು ಸಂಕೋಚದಿಂದ ಪಡೆದರು.

ಅದೇ ಉಮರ್(ರ) ಖಲೀಫರಾಗಿದ್ದಾಗ ಅಬ್ದುಲ್ಲಾ ಬಿನ್ ಸಅದೀ(ರ) ಎಂಬವರು ಸರ್ಕಾರಿ ಕೆಲಸ ಮಾಡಿ ಸಂಬಳ ಪಡೆಯಲು ನಿರಾಕರಿಸುತ್ತಿದ್ದರು. ತಮಗೆ ಅನುಕೂಲವಿದೆ, ಸಂಬಳವು ಮುಸ್ಲಿಮರಿಗೆ ದಾನವಾಗಿರಲಿ ಎಂಬುದು ಅವರ ಇಚ್ಛೆ. ಉಮರ್(ರ) ಒಪ್ಪಲಿಲ್ಲ. ತಾನೂ ಒಮ್ಮೆ ಹೀಗೆಯೇ ಮಾಡಲು ಹೊರಟಾಗ ಪ್ರವಾದಿವರ್ಯರು(ಸ) ತಡೆದು, ಆಸೆಪಡದೆ ಬೇಡದೆ ಬಂದದ್ದನ್ನು ಸ್ವೀಕರಿಸಿ ನಂತರ ಬೇಕಿದ್ದರೆ ದಾನ ಮಾಡುವಂತೆ ಹೇಳಿದ್ದನ್ನು ಅವರು ನೆನಪಿಸಿದರು. ಸಂಬಳ ಪಡೆಯುವುದು ಅವಮಾನವಲ್ಲ, ತಖ್ವಾದ ಕೊರತೆಯೂ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೆ?

ಮಿತಿ ಹಾಕುವ ಅಧಿಕಾರ

ಇನ್ನು ಅಧಿಕಾರದ ಪ್ರಶ್ನೆ. ಬೆಲೆಗೆ, ಕೂಲಿಗೆ ಆಳುವವನು ಮಿತಿ ಹಾಕಬಹುದೆ? ಮದೀನದಲ್ಲಿ ಬೆಲೆಗಳು ಏರಿದಾಗ ಜನರು ಬಂದು ಬೆಲೆ ನಿಗದಿಪಡಿಸುವಂತೆ ಪ್ರವಾದಿವರ್ಯರನ್ನು(ಸ) ಕೇಳಿಕೊಂಡರು. ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಯಾರದೇ ಪ್ರಾಣ ಅಥವಾ ಸೊತ್ತಿಗೆ ಅನ್ಯಾಯ ಮಾಡಿದ ಆರೋಪವಿಲ್ಲದೆ ಅಲ್ಲಾಹನನ್ನು ಭೇಟಿಯಾಗುವ ಆಸೆಯನ್ನು ಅವರು ವ್ಯಕ್ತಪಡಿಸಿದರು. ಅಧಿಕಾರವಿದೆ ಎಂಬ ಕಾರಣಕ್ಕೆ ಒಬ್ಬನ ನ್ಯಾಯವಾದ ಗಳಿಕೆಯನ್ನು ಕತ್ತರಿಸುವುದು ಪರಲೋಕದಲ್ಲಿ ಉತ್ತರ ಹೇಳಬೇಕಾದ ವಿಷಯ ಎಂದಾಯಿತು.

ಹಾಗಾದರೆ ಮಿತಿ ಎಂದೂ ಸಲ್ಲದೆ? ಇಮಾಮ್ ಇಬ್ನು ತೈಮಿಯ್ಯಾ(ರಹ) ತಮ್ಮ ‘ಅಲ್ ಹಿಸ್ಬಾ’ದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಬೆಲೆ ನಿಗದಿಯಲ್ಲಿ ಅನ್ಯಾಯದ್ದೂ ಇದೆ, ನ್ಯಾಯದ್ದೂ ಇದೆ ಎಂಬುದು ಅವರ ನಿಲುವು. ಜನರಿಗೆ ಅತ್ಯಗತ್ಯವಾದ ಕೆಲಸ ಬಲ್ಲವರು ಆ ಅಗತ್ಯವನ್ನೇ ಬಳಸಿಕೊಂಡು ಮಿತಿಮೀರಿ ಕೇಳಿದರೆ, ಆಡಳಿತಗಾರನು ‘ಉಜ್ರತುಲ್ ಮಿಸ್ಲ್’, ಅಂದರೆ ಅಂಥ ಕೆಲಸಕ್ಕೆ ಅಂಥವನಿಗೆ ಸಲ್ಲುವ ಸಮಾನ ಕೂಲಿಯನ್ನು ಗೊತ್ತುಪಡಿಸಬಹುದು. ಇದರಲ್ಲಿ ಎರಡು ಬದಿಯಿದೆ. ಕೆಲಸಗಾರ ಜನರಿಗೆ ಅನ್ಯಾಯ ಮಾಡಬಾರದು. ಜನರೂ ಕೆಲಸಗಾರನ ಹಕ್ಕನ್ನು ಕಡಿಮೆ ಮಾಡಬಾರದು.

ಇಲ್ಲಿ ನ್ಯೂಜೆರ್ಸಿಯ ತೆರಿಗೆದಾರನ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಪಕ್ಕದ ಊರಿನವರು ಹೆಚ್ಚು ಕೊಟ್ಟರೆಂದು ಈ ಊರಿನವರು ಹೆಚ್ಚಿಸುವುದು, ಈ ಊರನ್ನು ನೋಡಿ ಮತ್ತೊಂದು ಊರು ಹೆಚ್ಚಿಸುವುದು, ಹೀಗೆ ಸಂಬಳ ಏರುತ್ತಾ ಹೋದರೆ ‘ಸಮಾನ ಕೂಲಿ’ ಎಂಬ ಅಳತೆಯೇ ಕೆಟ್ಟುಹೋಗುತ್ತದೆ. ಆಗ ಯಾರಾದರೂ ಒಬ್ಬರು ತಡೆ ಹಾಕಲೇಬೇಕು. ಆದರೆ ಆ ತಡೆಯ ಅಳತೆಗೋಲು ಯಾವುದು ಎಂಬುದೇ ಪ್ರಶ್ನೆ. ಕೆಲಸದ ಭಾರವೇ? ಅರ್ಹತೆಯೇ? ಅಥವಾ ‘ನನಗಿಂತ ಹೆಚ್ಚು ಯಾರಿಗೂ ಸಿಗಬಾರದು’ ಎಂಬ ಭಾವನೆಯೇ?

ಹಝ್ರತ್ ಉಮರ್(ರ) ಒಮ್ಮೆ ಮಹ್ರ್‌ಗೆ ಮಿತಿ ಹಾಕಲು ಬಯಸಿದಾಗ ಮಹಿಳೆಯೊಬ್ಬರು ಸೂರಃ ಅನ್ನಿಸಾದ 20ನೇ ಸೂಕ್ತವನ್ನು ಮುಂದಿಟ್ಟು ಆಕ್ಷೇಪಿಸಿದರೆಂದೂ, ಉಮರ್(ರ) ತಮ್ಮ ತಪ್ಪನ್ನು ಒಪ್ಪಿಕೊಂಡು ಹಿಂದೆ ಸರಿದರೆಂದೂ ಒಂದು ವರದಿಯಿದೆ. ಅದರ ಸನದಿನ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೂ ಅದು ನಮ್ಮ ಸಮುದಾಯದ ನೆನಪಿನಲ್ಲಿ ಉಳಿದದ್ದಕ್ಕೆ ಅರ್ಥವಿದೆ. ಒಳ್ಳೆಯ ಉದ್ದೇಶದ ಮಿತಿಯೂ ಇನ್ನೊಬ್ಬರ ಹಕ್ಕನ್ನು ಮುಟ್ಟಬಹುದು. ಅದನ್ನು ತಿಳಿದಾಗ ಹಿಂದೆ ಸರಿಯುವುದು ಸೋಲಲ್ಲ.

ಎರಡು ಅಳತೆ

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಹಿಜರಿ 99ರಲ್ಲಿ ಖಲೀಫರಾದ ಹಝ್ರತ್ ಉಮರ್ ಬಿನ್ ಅಬ್ದುಲ್ ಅಝೀಝ್(ರಹ) ಅವರ ಸರಳತೆಯ ಕತೆಗಳನ್ನು ನಮ್ಮ ಮಕ್ಕಳು ಮದ್ರಸದಲ್ಲಿ ಕಲಿಯುತ್ತಾರೆ. ಆದರೆ ಅವರ ಇನ್ನೊಂದು ಮುಖವನ್ನು ನಾವು ಹೆಚ್ಚಾಗಿ ಹೇಳುವುದಿಲ್ಲ. ಅವರು ತಮ್ಮ ಅಧಿಕಾರಿಗಳಿಗೆ ತಿಂಗಳಿಗೆ 100, 200 ದೀನಾರ್‌ಗಳವರೆಗೆ ಉದಾರವಾಗಿ ಸಂಬಳ ಕೊಡುತ್ತಿದ್ದರೆಂದು ಇಬ್ನು ಕಸೀರ್(ರಹ) ದಾಖಲಿಸಿದ್ದಾರೆ. ಹೊಟ್ಟೆಪಾಡಿನ ಚಿಂತೆ ಇಲ್ಲದಿದ್ದರೆ ಅವರು ಮುಸ್ಲಿಮರ ಕೆಲಸಕ್ಕೆ ಪೂರ್ತಿ ಬಿಡುವಾಗಿರುತ್ತಾರೆಂಬುದು ಅವರ ಲೆಕ್ಕಾಚಾರ. ತಮ್ಮ ಮನೆಯವರಿಗೆ ಮಾತ್ರ ಅವರು ಹಾಗೆ ಕೊಡಲಿಲ್ಲ. ಏಕೆಂದು ಕೇಳಿದಾಗ, ಮನೆಯವರ ಹಕ್ಕನ್ನು ತಡೆಯುವುದೂ ಇಲ್ಲ, ಇತರರ ಹಕ್ಕನ್ನು ಅವರಿಗೆ ಕೊಡುವುದೂ ಇಲ್ಲ ಎಂಬರ್ಥದ ಉತ್ತರ ಕೊಟ್ಟರು.

ಓದುಗರೇ, ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಅವರ ಕೈಯಲ್ಲಿ ಎರಡು ಅಳತೆಗಳಿದ್ದವು. ತಮಗೆ ಅಳೆಯುವಾಗ ಚಿಕ್ಕ ಸೇರು, ಇತರರಿಗೆ ಅಳೆಯುವಾಗ ದೊಡ್ಡ ಸೇರು. ತಮ್ಮ ಸಂಬಳವನ್ನೇ ಎಲ್ಲರ ಸಂಬಳದ ಗರಿಷ್ಠ ಮಿತಿ ಮಾಡಬೇಕೆಂದು ಅವರಿಗೆ ಅನಿಸಲಿಲ್ಲ. ಹಾಗೆ ಮಾಡಿದ್ದರೆ ಅವರ ಅಧಿಕಾರಿಗಳೆಲ್ಲ ಹಸಿದಿರಬೇಕಾಗಿತ್ತು. ಹಸಿದ ಅಧಿಕಾರಿ ಲಂಚಕ್ಕೆ ಕೈ ಚಾಚಿದರೆ ಅದರ ಪಾಪದಲ್ಲಿ ಪಾಲು ಯಾರದು?

ತನಗೆ ತಾನೇ ಮಿತಿ ಹಾಕಿಕೊಳ್ಳುವುದು ತಖ್ವಾ. ಇತರರಿಗೆ ಮಿತಿ ಹಾಕುವಾಗ ಬೇಕಾದದ್ದು ನ್ಯಾಯ. ಇವೆರಡನ್ನು ಬೆರೆಸಬಾರದು. ನನ್ನ ತಖ್ವಾವನ್ನು ಇನ್ನೊಬ್ಬನ ಅನ್ನದ ಬಟ್ಟಲಿನಲ್ಲಿ ಪ್ರದರ್ಶಿಸಿದರೆ ಅದು ತಖ್ವಾ ಅಲ್ಲ. ಸೂರಃ ಅಲ್ ಮುತಫ್ಫಿಫೀನ್ ಆರಂಭವಾಗುವುದು ಯಾರ ನಾಶದ ಎಚ್ಚರಿಕೆಯಿಂದ? ಪಡೆಯುವಾಗ ತುಂಬ ಅಳೆದು ಪಡೆದು, ಕೊಡುವಾಗ ಕಡಿಮೆ ಅಳೆಯುವವರ ನಾಶದ ಎಚ್ಚರಿಕೆಯಿಂದ. ತಕ್ಕಡಿ ಹಿಡಿದ ಅಂಗಡಿಯವನಿಗೆ ಮಾತ್ರ ಅದು ಅನ್ವಯಿಸುತ್ತದೆಂದು ನಾವು ನೆಮ್ಮದಿಯಾಗಿದ್ದೇವೆ. ಇನ್ನೊಬ್ಬರ ಸಂಬಳ ನಿಗದಿಪಡಿಸುವ ಪ್ರತಿಯೊಬ್ಬನ ಕೈಯಲ್ಲೂ ತಕ್ಕಡಿಯಿದೆ ಎಂಬುದನ್ನು ಮರೆಯುತ್ತೇವೆ.

ನಮ್ಮಲ್ಲಿರುವ ಬರೆಯದ ಕಾನೂನು

ಅಮೆರಿಕದ ಶಾಲೆಗಳ ಸಂಬಳದಿಂದ ನಮಗೇನಾಗಬೇಕು ಎಂದು ಕೆಲವರು ಕೇಳಬಹುದು. ಅಲ್ಲಿ ಮಿತಿಗೆ ಒಳಗಾದವರು ಲಕ್ಷಗಟ್ಟಲೆ ಡಾಲರ್ ಪಡೆಯುವವರು. ಮಿತಿಯ ಬಳಿಕವೂ ಅವರ ಮನೆಯಲ್ಲಿ ಒಲೆ ಉರಿಯುತ್ತಿತ್ತು. ನಮ್ಮಲ್ಲೂ ಒಂದು ಮಿತಿ ಇದೆ. ಅದನ್ನು ಯಾವ ಶಾಸನಸಭೆಯೂ ಬರೆದಿಲ್ಲ. ಅದನ್ನು ಬರೆದವರು ನಾವೇ. ನಮ್ಮ ಮಸೀದಿಯ ಇಮಾಮರಿಗೆ, ಮುಅದ್ದಿನರಿಗೆ, ಮದ್ರಸದ ಉಸ್ತಾದರಿಗೆ ಇಷ್ಟರ ಮೇಲೆ ಬೇಡ ಎಂಬ ಮಿತಿ ಅದು.

1993ರಲ್ಲಿ ಇಮಾಮರ ಸಂಘಟನೆಯೊಂದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಇಮಾಮತ್ ಸ್ವಯಂಪ್ರೇರಿತ ಧಾರ್ಮಿಕ ಸೇವೆ, ಅದಕ್ಕೆ ಸಂಬಳದ ಹಕ್ಕಿಲ್ಲ ಎಂಬ ವಾದವನ್ನು ಕೋರ್ಟು ಒಪ್ಪದೆ ಇಮಾಮರ ಪರವಾಗಿ ತೀರ್ಪು ಕೊಟ್ಟಿತು. ನಮ್ಮ ಇಮಾಮರ ಅನ್ನದ ಹಕ್ಕನ್ನು ನಮಗೆ ನೆನಪಿಸಲು ದೇಶದ ನ್ಯಾಯಾಲಯ ಬೇಕಾಯಿತು! 2025ರ ಮಾರ್ಚಿನಲ್ಲಿ ಮಂಡಿಸಿದ ಕರ್ನಾಟಕದ ಬಜೆಟ್ಟಿನಲ್ಲಿ ಜೈನ ಅರ್ಚಕರು, ಸಿಖ್ಖರ ಮುಖ್ಯ ಗ್ರಂಥಿಗಳು ಮತ್ತು ಪೇಶ್ ಇಮಾಮರ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೆ ಏರಿಸುವ ಘೋಷಣೆಯಾಯಿತು. ಆರು ಸಾವಿರದಲ್ಲಿ ಒಂದು ಕುಟುಂಬ ತಿಂಗಳು ಕಳೆಯುವುದು ಹೇಗೆಂದು ಈ ಪತ್ರಿಕೆ ಓದುವ ಗೃಹಿಣಿಯರು ಲೆಕ್ಕ ಹಾಕಿ ನೋಡಲಿ. ಉಳಿದದ್ದು ಜಮಾಅತಿನ ಹೊಣೆ. ಆದರೆ ಸರ್ಕಾರದಿಂದ ಬರುತ್ತದಲ್ಲ ಎಂದು ಕೈ ತೊಳೆದುಕೊಳ್ಳುವ ಜಮಾಅತುಗಳೂ ಇಲ್ಲದಿಲ್ಲ.

ಕುರ್‌ಆನ್ ಕಲಿಸುವುದಕ್ಕೆ ಸಂಬಳವೇ ಎಂದು ಹುಬ್ಬೇರಿಸುವವರಿಗೆ ಒಂದು ಮಾತು. ಆರಂಭ ಕಾಲದ ಹನಫಿ ವಿದ್ವಾಂಸರು ಅದನ್ನು ಅನುಮತಿಸಿರಲಿಲ್ಲ ಎಂಬುದು ನಿಜ. ಆಗ ಕಲಿಸುವವರಿಗೆ ಬೈತುಲ್‌ಮಾಲಿನಿಂದ ಭತ್ಯೆ ಸಿಗುತ್ತಿತ್ತು. ಅದು ನಿಂತುಹೋದಾಗ ನಂತರದ ಹನಫಿ ವಿದ್ವಾಂಸರೇ ಸಂಬಳವನ್ನು ಅನುಮತಿಸಿದರು. ಇಲ್ಲದಿದ್ದರೆ ಕುರ್‌ಆನಿನ ಕಲಿಕೆಯೇ ಕುಂಠಿತವಾಗಬಹುದೆಂದು ಅವರು ಭಯಪಟ್ಟರು. ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈ ಮದ್‌ಹಬಿನಲ್ಲಂತೂ ಅದಕ್ಕೆ ಮೊದಲಿನಿಂದಲೇ ಅನುಮತಿಯಿದೆ. ಫಿಕ್ಹಿನ ಬಾಗಿಲು ತೆರೆದೇ ಇದೆ. ಮುಚ್ಚಿರುವುದು ನಮ್ಮ ಕಿಸೆ.

ಈ ವಿಷಯದಲ್ಲಿ ನನ್ನ ಮೇಲೂ ಒಂದು ಸಾಲವಿದೆ. ಸುಮಾರು ಹದಿನೈದು ವರ್ಷಗಳ ಹಿಂದೆ, ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ, ಕನ್ನಡ ಚೆನ್ನಾಗಿ ಬರೆಯುತ್ತೇನೆಂದು ಒಂದು ಊರಿನ ಮಸೀದಿ ಕಮಿಟಿಯವರು ಸಭೆಯ ನಡಾವಳಿ ಬರೆಯಲು ನನ್ನನ್ನು ಕರೆಯುತ್ತಿದ್ದರು. ಒಂದು ಸಭೆಯಲ್ಲಿ ಮದ್ರಸದ ಉಸ್ತಾದರು ತಿಂಗಳಿಗೆ 1,000 ರೂಪಾಯಿ ಹೆಚ್ಚಿಸುವಂತೆ ಕೊಟ್ಟ ಅರ್ಜಿ ಬಂತು. ಮೂವರು ಮಕ್ಕಳ ತಂದೆ. ಅವರನ್ನು ಹೊರಗೆ ಜಗಲಿಯಲ್ಲಿ ನಿಲ್ಲಿಸಲಾಗಿತ್ತು. ‘ಉಸ್ತಾದರಿಗೆ ಖರ್ಚು ಏನಿದೆ? ಊಟ ಮನೆ ಮನೆಯಿಂದ ಬರುತ್ತದೆ’ ಎಂದರು ಒಬ್ಬರು. ‘ದೀನಿನ ಕೆಲಸ, ಅಲ್ಲಾಹನು ಪ್ರತಿಫಲ ಕೊಡುತ್ತಾನೆ’ ಎಂದರು ಇನ್ನೊಬ್ಬರು. ಅರ್ಜಿಯನ್ನು ಮುಂದಿನ ವರ್ಷಕ್ಕೆ ಇಟ್ಟರು. ನಂತರದ ವಿಷಯ ಮಸೀದಿಯ ಎದುರಿನ ಗೇಟಿಗೆ ಕಮಾನು ಕಟ್ಟಿಸುವುದು. ಅದು ಐದು ನಿಮಿಷದಲ್ಲಿ ಮಂಜೂರಾಯಿತು. ಎರಡನ್ನೂ ಒಂದೇ ಪುಟದಲ್ಲಿ ನಾನೇ ಬರೆದೆ. ಬಾಯಿ ತೆರೆಯಲಿಲ್ಲ. ನಾನು ಚಿಕ್ಕವನು, ನನ್ನ ಮಾತು ಯಾರು ಕೇಳುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಹೊರಗೆ ಬಂದಾಗ ಉಸ್ತಾದರು ಏನಾಯಿತೆಂದು ಕೇಳಲಿಲ್ಲ, ಸಲಾಂ ಹೇಳಿ ನನ್ನ ಓದಿನ ಬಗ್ಗೆ ವಿಚಾರಿಸಿದರು. ಆ ವರ್ಷ ರಮಝಾನ್ ರಜೆಗೆ ಊರಿಗೆ ಹೋದವರು ಮರಳಿ ಬರಲಿಲ್ಲ. ಗಲ್ಫಿನಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರೆಂದು ಆಮೇಲೆ ತಿಳಿಯಿತು.

ನ್ಯೂಜೆರ್ಸಿಯವರು ಗಡಿ ದಾಟಿ ನ್ಯೂಯಾರ್ಕಿಗೆ ಹೋದರು. ನಮ್ಮವರು ಕಡಲು ದಾಟಿ ಹೋಗುತ್ತಾರೆ. ಆ ಊರಿನ ಮಕ್ಕಳಿಗೆ ನಂತರ ಎರಡು ವರ್ಷಗಳಲ್ಲಿ ನಾಲ್ವರು ಉಸ್ತಾದರು ಬದಲಾದರು. ಇಂದು ನಾನೂ ಕಲಿಸುವವನು, ಸಂಬಳ ಪಡೆಯುವವನು. ಆದ್ದರಿಂದ ಈ ಮಾತುಗಳಲ್ಲಿ ನನ್ನ ಸ್ವಾರ್ಥವಿದೆಯೆಂದು ಯಾರಾದರೂ ಹೇಳಿದರೆ ನಾನು ಜಗಳವಾಡುವುದಿಲ್ಲ. ಆದರೆ ಆ ನಡಾವಳಿ ಪುಸ್ತಕದಲ್ಲಿ ನನ್ನ ಅಕ್ಷರ ಇನ್ನೂ ಇದೆ. ಮಾನವನ ಎಲ್ಲ ಬರಹಗಳೂ ತೆರೆಯಲ್ಪಡುವ ದಿನ ಆ ಪುಟವೂ ತೆರೆಯುತ್ತದೆ ಎಂಬ ಭಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮಿಂದ ಆಗಬೇಕಾದದ್ದು

ಮೊದಲನೆಯದಾಗಿ, ಲೆಕ್ಕ ಬಹಿರಂಗವಾಗಿರಲಿ. ನಮ್ಮ ಟ್ರಸ್ಟುಗಳು, ಶಾಲೆಗಳು, ಜಮಾಅತುಗಳಲ್ಲಿ ಯಾರಿಗೆ ಎಷ್ಟು ಸಲ್ಲುತ್ತದೆ ಎಂಬುದು ಹಣ ಕೊಡುವ ಜನರಿಗೆ ತಿಳಿದಿರಲಿ. ಪುಸ್ತಕದಲ್ಲಿ ಒಂದು ಮೊತ್ತಕ್ಕೆ ಸಹಿ ಹಾಕಿಸಿ ಶಿಕ್ಷಕಿಯ ಕೈಗೆ ಇನ್ನೊಂದು ಮೊತ್ತ ಕೊಡುವ ಸಂಸ್ಥೆ ಬಿಸ್ಮಿಯಿಂದ ಆರಂಭವಾದರೂ ಅದರಲ್ಲಿ ಬರಕತ್ ಇರದು. ದುಡಿಸಿಕೊಂಡು ಕೂಲಿ ಕೊಡದವನ ಎದುರಾಳಿಯಾಗಿ ಅಂತ್ಯದಿನದಲ್ಲಿ ಸ್ವತಃ ಅಲ್ಲಾಹನೇ ನಿಲ್ಲುವನೆಂದು ಹದೀಸಿನಲ್ಲಿದೆ.

ಎರಡನೆಯದಾಗಿ, ಸಂಬಳ ನಿಗದಿಪಡಿಸಲು ಕುಳಿತಾಗ ‘ಎಷ್ಟು ಕಡಿಮೆಗೆ ಒಪ್ಪುತ್ತಾರೆ?’ ಎಂದು ಕೇಳುವ ಬದಲು ‘ಈ ಸಂಬಳದಲ್ಲಿ ನನ್ನ ಮಗ ಬದುಕಬಲ್ಲನೇ?’ ಎಂದು ಕೇಳಿಕೊಳ್ಳೋಣ. ತನಗೆ ಇಷ್ಟವಾದದ್ದನ್ನು ತನ್ನ ಸಹೋದರನಿಗೂ ಇಷ್ಟಪಡುವುದು ಈಮಾನಿನ ಭಾಗವಲ್ಲವೇ? ಸಹೋದರಿಯರೂ ಈ ಪ್ರಶ್ನೆಯಿಂದ ಹೊರತಲ್ಲ. ಮನೆಕೆಲಸಕ್ಕೆ ಬರುವಾಕೆಗೆ ಪಕ್ಕದ ಮನೆಯವರು ಕೊಡುವುದಕ್ಕಿಂತ ಹೆಚ್ಚು ಕೊಡಬೇಡಿ ಎಂದು ನೆರೆಹೊರೆಯಲ್ಲಿ ಒಪ್ಪಂದ ಮಾಡಿಕೊಳ್ಳುವಾಗ ಅಲ್ಲಿಯೂ ಒಂದು ಶಾಸನಸಭೆ ನಡೆಯುತ್ತಿದೆ.

ಮೂರನೆಯದಾಗಿ, ಪಡೆಯುವ ನಮ್ಮಂಥವರ ಕರ್ತವ್ಯ. ಕೆಲಸಕ್ಕೆ ಉತ್ತಮನು ಬಲಶಾಲಿ ಮತ್ತು ವಿಶ್ವಸ್ತನಾದವನೆಂದು ಮದ್‌ಯನಿನ ಆ ಹೆಣ್ಣುಮಗಳು ತನ್ನ ತಂದೆಗೆ ಹೇಳಿದ್ದನ್ನು ಸೂರಃ ಅಲ್ ಕಸಸ್ ನೆನಪಿಸುತ್ತದೆ. ತರಗತಿಗೆ ತಡವಾಗಿ ಬಂದು, ಸಂಬಳಕ್ಕೆ ಮಾತ್ರ ಮೊದಲು ನಿಲ್ಲುವವನು ತನ್ನ ತಕ್ಕಡಿಯನ್ನೂ ನೋಡಿಕೊಳ್ಳಬೇಕು. ಹಕ್ಕನ್ನು ಕೇಳುವುದು ತಪ್ಪಲ್ಲ. ಹಕ್ಕಿಗಿಂತ ಹೆಚ್ಚನ್ನು ಬಚ್ಚಿಟ್ಟು ಪಡೆಯುವುದು ಅಮಾನತಿಗೆ ದ್ರೋಹ.

ನ್ಯೂಜೆರ್ಸಿಯವರಿಗೆ ತಮ್ಮ ಮಿತಿಯನ್ನು ಮರಳಿ ನೋಡಲು ಎಂಟು ವರ್ಷ ಬೇಕಾಯಿತು. ನಾವು ಹಾಕಿದ ಮಿತಿಯನ್ನು ನಾವು ಎಂದು ನೋಡುತ್ತೇವೆ? ಮುಂದಿನ ಶುಕ್ರವಾರ ಜುಮುಅ ಮುಗಿಸಿ ಹೊರಬರುವಾಗ ಇಮಾಮರ ಕೈ ಕುಲುಕುತ್ತೀರಲ್ಲ, ಆಗ ಅವರಿಗೆ ತಿಂಗಳಿಗೆ ಎಷ್ಟು ಸಿಗುತ್ತದೆಂಬುದು ನಿಮಗೆ ಗೊತ್ತಿದೆಯೇ ಎಂದು ನಿಮ್ಮ ಮನಸ್ಸನ್ನು ಕೇಳಿ. ಗೊತ್ತಿಲ್ಲದಿದ್ದರೆ ಅವರನ್ನು ಕೇಳಿ ಮುಜುಗರಕ್ಕೆ ಒಳಪಡಿಸಬೇಡಿ. ಕಮಿಟಿಯವರನ್ನು ಕೇಳಿ.

ನಮಗೆ ಅಳೆಯುವಾಗ ಚಿಕ್ಕ ಸೇರನ್ನೂ ಇತರರಿಗೆ ಅಳೆಯುವಾಗ ತುಂಬಿದ ಸೇರನ್ನೂ ಹಿಡಿಯುವ ಧೈರ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.